ಯಾರ ವಿಳಾಸ ಗುಟ್ಟು, ಯಾರ ಬಾಯಿಗೆ ಬೀಗ?

ರಾಜೇಶ್ವರದ ಬಸ್ ನಿಲ್ದಾಣದಲ್ಲಿ ಇಳಿದು ಯಾರದಾದರೂ ಮನೆ ಕೇಳಿ ನೋಡಿರಿ. ಹೈದರಾಬಾದ್–ಸೋಲಾಪುರ ಹೆದ್ದಾರಿಯ ಮೇಲಿನ ಊರು ಇದು. ನೀವು ಹೆಸರು ಹೇಳುತ್ತೀರಿ. ಎದುರಿಗಿದ್ದವರು ಮನೆ ನಂಬರು ಕೇಳುವುದಿಲ್ಲ, ರಸ್ತೆ ಕೇಳುವುದಿಲ್ಲ. 'ಯಾರ ಪೈಕಿ ಅವರು?' ಅಂತ ಕೇಳುತ್ತಾರೆ. ಆ ಒಂದು ಮಾತಿಗೆ ಉತ್ತರ ಸಿಕ್ಕರೆ ಸಾಕು, ಕೈ ತಾನಾಗಿಯೇ ಒಂದು ದಿಕ್ಕಿಗೆ ಏಳುತ್ತದೆ. ಇದು ರಾಜೇಶ್ವರ ಒಂದರ ಮಾತಲ್ಲ. ಹುಮನಾಬಾದಿಗೆ ಹೋಗಿ, ಬಸವಕಲ್ಯಾಣಕ್ಕೆ ಹೋಗಿ, ಗಡಿ ದಾಟಿ ಉಮರ್ಗಾಕ್ಕೆ ಹೋಗಿ, ಇಷ್ಟೇ. ನಮ್ಮ ಪತ್ತಾ ಪೋಸ್ಟ್‌ಮನ್ನಿಗೆ ಗೊತ್ತಾಗುವ ಮೊದಲೇ ಊರಿಗೆ ಗೊತ್ತು. ಗಡಿಯಾಚೆಯ ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಜಾತಿಯ ಹೆಸರಿರುವ ವಸ್ತಿಗಳ ಹೆಸರನ್ನೆಲ್ಲ ಬದಲಾಯಿಸುವ ತೀರ್ಮಾನ ಮಾಡಿತು. ಒಳ್ಳೆಯದೇ. ಆದರೆ ಬೋರ್ಡಿನ ಹೆಸರು ಬದಲಾದರೆ ಎದ್ದ ಕೈಯ ದಿಕ್ಕು ಬದಲಾಗುತ್ತದೆಯೆ?

ಇಂಥ ನಮಗೆ ಈಗ ಹೊಸ ಪಾಠ ಒಂದನ್ನು ಹೇಳಿಕೊಡುತ್ತಿದ್ದಾರೆ. ಮನುಷ್ಯನ ವಿಳಾಸ ಗುಟ್ಟಂತೆ. ಅದನ್ನು ಬಯಲಿಗಿಟ್ಟರೆ ಅಪರಾಧವಂತೆ. ಅದಕ್ಕೆ ಡಾಕ್ಸಿಂಗ್ ಅಂತ ಹೆಸರು. ಹಾಗೆ ಮಾಡಿದವರ ಖಾತೆಯನ್ನು ಸಾಮಾಜಿಕ ಜಾಲತಾಣದ ಕಂಪನಿಗಳು ಅಮಾನತಿನಲ್ಲಿ ಇಡುತ್ತವೆ.

ಸ್ವಾಮಿ, ಪಾಠ ಚೆನ್ನಾಗಿದೆ. ಆದರೆ ಈ ಪಾಠದ ಬೆತ್ತ ಯಾರ ಬೆನ್ನಿಗೆ ಬೀಳುತ್ತಿದೆ ಎಂಬುದನ್ನು ನಾವು ಕೇಳಲೇಬೇಕಾಗಿದೆ.

ನಮ್ಮ ಹುಡುಗರಲ್ಲಿ ಒಬ್ಬನಿಗೆ ಆದದ್ದನ್ನು ಹೇಳುತ್ತೇವೆ. ಹುಡುಗನ ಹೆಸರು, ಅವನ ಊರು, ಅಂಗಡಿಯ ಹೆಸರು ಬರೆಯುವುದಿಲ್ಲ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ. ಹೆದ್ದಾರಿ ಬದಿಗೆ ಒಂದು ಚಹಾದಂಗಡಿ. ಹಿಂದೆ ಅಲ್ಲಿ ನಮ್ಮವರಿಗೆ ಹೊರಗೆ ಬೇರೆ ಲೋಟ ಇತ್ತು. ಕಾನೂನಿಗೆ ಅಂಜಿ ಲೋಟ ತೆಗೆದರು. ಈಗ ಒಳಗೆ ಕುಂತವರಿಗೆ ಗಾಜಿನ ಗ್ಲಾಸು, ನಮ್ಮವರಿಗೆ ಕುಡಿದು ಎಸೆಯುವ ಪ್ಲಾಸ್ಟಿಕ್ ಕಪ್ಪು. ಮೈಲಿಗೆಗೂ ಕಾಲಕ್ಕೆ ತಕ್ಕ ಸಾಮಾನು ಬಂದಿದೆ. ಹುಡುಗ ಎರಡೂ ಕಪ್ಪುಗಳನ್ನು ಪಕ್ಕಪಕ್ಕ ಇಟ್ಟು ಫೋಟೋ ತೆಗೆದ. ಹಿಂದೆ ಅಂಗಡಿಯ ಬೋರ್ಡು ಬಂತು. ಬೋರ್ಡಿನ ಮೇಲೆ ಗಿರಾಕಿಗಳಿಗೆ ಅಂತ ದೊಡ್ಡದಾಗಿ ಬರೆಸಿದ ಫೋನ್ ನಂಬರು. ಹುಡುಗ ನಾಲ್ಕು ಸಾಲು ಬರೆದು ಜಾಲತಾಣದಲ್ಲಿ ಹಾಕಿದ.

ರಾತ್ರಿ ಹೊತ್ತಿಗೆ ಮಂದಿ ಮುಗಿಬಿದ್ದರು. ಬೈಗುಳ ನಮಗೆ ಹೊಸದಲ್ಲ, ಅದನ್ನು ಬಿಡಿ. ಹುಡುಗನ ಅಪ್ಪನ ಹೆಸರು ಬಂತು. ಅಪ್ಪ ಯಾರ ಹೊಲದಲ್ಲಿ ದುಡಿಯುತ್ತಾನೆ ಎಂಬುದು ಬಂತು. ಹುಡುಗನ ಜಾತಿ ಪ್ರಮಾಣಪತ್ರದ ಫೋಟೋ ಎಲ್ಲಿಂದಲೋ ಬಂತು. ಅವನ ತಂಗಿ ಯಾವ ಕಾಲೇಜು, ಎಷ್ಟು ಗಂಟೆಯ ಬಸ್ಸಿಗೆ ಹೋಗುತ್ತಾಳೆ ಎಂಬುದೂ ಬಂತು. ನಾವೆಲ್ಲ ಕೂಡಿ ಒಂದೊಂದಾಗಿ ಕಂಪನಿಗೆ ದೂರು ಕೊಟ್ಟೆವು. ಇಂಗ್ಲಿಷಿನಲ್ಲಿ ಉತ್ತರ ಬಂತು: ಪರಿಶೀಲಿಸಿದ್ದೇವೆ, ಇದು ನಮ್ಮ ನಿಯಮದ ಉಲ್ಲಂಘನೆ ಅಲ್ಲ. ಮೂರನೆಯ ದಿನ ಹುಡುಗ ಬಂದು ನಿಂತ. 'ಅಣ್ಣಾ, ನನ್ನ ಅಕೌಂಟೇ ಬಂದ್ ಆಗ್ಯಾದ' ಅಂದ. ಕಾರಣ? ಬೇರೊಬ್ಬರ ಖಾಸಗಿ ಮಾಹಿತಿ ಹಾಕಿದ್ದು. ಯಾವ ಮಾಹಿತಿ? ಬೋರ್ಡಿನ ಮೇಲಿದ್ದ ಫೋನ್ ನಂಬರು.

ಹುಡುಗನ ಅವ್ವ ಕೇಳಿದ ಮಾತು ಹೀಗಿತ್ತು: 'ಯಪ್ಪಾ, ಅಂಗಡಿ ಮುಂದ ಬಣ್ಣದಾಗ ಬರೆಸಿದ್ದು ಗುಟ್ಟು ಹ್ಯಾಂಗ ಆಗ್ತದ? ನನ್ನ ಮಗಳ ಬಸ್ಸಿನ ಟೈಮು ಗುಟ್ಟಲ್ಲೇನು?'

ಕಂಪನಿಯ ಬಳಿ ಇದಕ್ಕೆ ಉತ್ತರ ಇರಲಿಲ್ಲ. ತಂಗಿ ಎರಡು ವಾರ ಕಾಲೇಜಿಗೆ ಹೋಗಲಿಲ್ಲ. ಮೂರನೆಯ ವಾರದಿಂದ ಅವ್ವ ಕೂಲಿ ಬಿಟ್ಟು ಮಗಳ ಜೊತೆ ಬಸ್ ಹತ್ತಿದಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ವಿಳಾಸ ಕಾಯುವ ನಿಯಮ ಬೇಡ ಅಂತ ನಾವು ಹೇಳುತ್ತಿಲ್ಲ. ಆ ನಿಯಮ ಯಾರಿಗಾದರೂ ಬೇಕಿದ್ದರೆ ಅದು ಎಲ್ಲರಿಗಿಂತ ಮೊದಲು ನಮಗೆ ಬೇಕು. ಈ ನಾಡಿನಲ್ಲಿ ಬರೆಯುವವರ ಮನೆಬಾಗಿಲು ಏನಾಗಿದೆ ಎಂಬುದು ಗೊತ್ತಿಲ್ಲದವರಲ್ಲ ನಾವು. 2015ರ ಆಗಸ್ಟ್ 30ರ ಮುಂಜಾನೆ ಧಾರವಾಡದ ಕಲ್ಯಾಣ ನಗರದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲು ಬಡಿದವರು ಗುಂಡು ಹೊಡೆದು ಹೋದರು. ಕಲ್ಯಾಣದ ಶರಣರ ಮಾತನ್ನು ಜೀವಮಾನವೆಲ್ಲ ಶೋಧಿಸಿದ ಮನುಷ್ಯ ತನ್ನ ಮನೆಯ ಹೊಸ್ತಿಲಲ್ಲೇ ಬಿದ್ದ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಬೆಂಗಳೂರಿನ ತಮ್ಮ ಮನೆಯ ಮುಂದೆಯೇ ಹೆಣವಾದರು. 'ಒಡಲ ಕಿಚ್ಚು' ಬರೆದ ದಲಿತ ತರುಣ ಹುಚ್ಚಂಗಿ ಪ್ರಸಾದ್ ಅವರನ್ನು 2015ರ ಅಕ್ಟೋಬರಿನಲ್ಲಿ ದಾವಣಗೆರೆಯ ಹಾಸ್ಟೆಲಿನಿಂದ ಕರೆದೊಯ್ದದ್ದು ಹೇಗೆ? ತಾಯಿಗೆ ಹೃದಯಾಘಾತವಾಗಿದೆ ಎಂಬ ಸುಳ್ಳು ಹೇಳಿ. ಹೊಡೆದು, ಮುಖಕ್ಕೆ ಕುಂಕುಮ ಬಳಿದು, ಬರೆಯುವ ಬೆರಳು ಕತ್ತರಿಸುತ್ತೇವೆ ಎಂದರು. ಅವನ ತಾಯಿ ಯಾರು, ಅವನು ಯಾವ ಹಾಸ್ಟೆಲು ಎಂಬ ಎರಡೇ ಮಾಹಿತಿ ಅವರಿಗೆ ಸಾಕಾಗಿತ್ತು. ಅದೇ ದಿನಗಳಲ್ಲಿ ಲೇಖಕಿ ಚೇತನಾ ತೀರ್ಥಹಳ್ಳಿಯವರಿಗೆ ಫೇಸ್‌ಬುಕ್ಕಿನಲ್ಲಿ ಅತ್ಯಾಚಾರದ, ಆ್ಯಸಿಡ್ಡಿನ ಬೆದರಿಕೆ ಹಾಕಿದರು.

ನಮ್ಮ ಜಿಲ್ಲೆಯದೇ ಇನ್ನೊಂದು ಕಥೆ ಇದೆ. 2018ರ ಜುಲೈ 13ರಂದು ಔರಾದ ಕಡೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಇಂಜಿನಿಯರ್ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ, ಕಾರು ಇಂಥದು ಅಂತ ವಾಟ್ಸಾಪಿನಲ್ಲಿ ಸುದ್ದಿ ಕಾರಿಗಿಂತ ಮುಂದೆ ಓಡಿತು. ಮುಂದಿನ ಊರಿನವರು ದಾರಿ ಕಟ್ಟಿ ಕಾದಿದ್ದರು. ಆ ತಿಂಗಳೇ ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೆ ಕಳಿಸದಂತೆ ಮಿತಿ ಹಾಕಿತು. ಹೆಣ ಬಿದ್ದ ಮೇಲೆ ನಿಯಮ ಬಂತು.

ಆದ್ದರಿಂದ ಒಬ್ಬ ಮನುಷ್ಯನ ಗುರುತನ್ನು ಗುಂಪಿನ ಕೈಗೆ ಕೊಡುವುದು ಅಂದರೆ ಏನು ಅಂತ ಬೀದರ ಜಿಲ್ಲೆಯವರಿಗೆ ಯಾರೂ ಇಂಗ್ಲಿಷಿನಲ್ಲಿ ಹೇಳಿಕೊಡಬೇಕಾಗಿಲ್ಲ. ನಮ್ಮ ಜಗಳ ನಿಯಮದ ಮೇಲಲ್ಲ, ನಿಯಮ ಹಿಡಿದವನ ಕಣ್ಣಿನ ಮೇಲೆ.

ಆ ಕಣ್ಣು ಯಾರನ್ನು ನೋಡುತ್ತದೆ? ಟ್ವಿಟರ್ ಕಂಪನಿಯನ್ನೇ ತೆಗೆದುಕೊಳ್ಳೋಣ. 2018ರ ನವೆಂಬರಿನಲ್ಲಿ ಅದರ ಅಂದಿನ ಯಜಮಾನ ಜ್ಯಾಕ್ ಡಾರ್ಸಿ ದೆಹಲಿಗೆ ಬಂದಿದ್ದ. ದಲಿತ ಹೋರಾಟಗಾರ್ತಿ ಸಂಘಪಾಲಿ ಅರುಣಾ ಅವರು ಜಾಲತಾಣದಲ್ಲಿ ದಲಿತ ಹೆಣ್ಣುಮಕ್ಕಳು ಅನುಭವಿಸುವ ಹಿಂಸೆಯನ್ನು ಅವನ ಮುಂದೆ ಇಟ್ಟರು. ಬ್ರಾಹ್ಮಣಶಾಹಿ ಪುರುಷಾಧಿಪತ್ಯವನ್ನು ಒಡೆಯಿರಿ ಎಂಬ ಭಿತ್ತಿಪತ್ರವನ್ನು ಅವನ ಕೈಗೆ ಕೊಟ್ಟರು. ಫೋಟೋ ಹೊರಗೆ ಬಂದದ್ದೇ ತಡ, ದೇಶವೆಲ್ಲ ಬೊಬ್ಬೆ. ಕಂಪನಿಯ ಅಧಿಕಾರಿ ಕ್ಷಮೆ ಕೇಳಿದರು. ಯಾರನ್ನು? ನೋವು ಹೇಳಿಕೊಂಡ ಹೆಣ್ಣುಮಗಳನ್ನಲ್ಲ. ಭಿತ್ತಿಪತ್ರ ನೋಡಿ ನೋವಾಯಿತು ಅಂದವರನ್ನು.

ಮರುವರ್ಷ, 2019ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆ ಬಂದ್ ಆಯಿತು. ಅವರು ಹಾಕಿಕೊಂಡಿದ್ದ ಚಿತ್ರ 1936ರದು. ಜರ್ಮನಿಯ ಹ್ಯಾಂಬರ್ಗಿನ ಹಡಗುಕಟ್ಟೆಯಲ್ಲಿ ಎಲ್ಲರೂ ಹಿಟ್ಲರನಿಗೆ ಕೈ ಎತ್ತಿ ನಮಸ್ಕಾರ ಮಾಡುವಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತ ಚಿತ್ರ. ಇದನ್ನು ದ್ವೇಷದ ಚಿತ್ರ ಎಂದರು! ಹಿಟ್ಲರನಿಗೆ ಕೈ ಎತ್ತದವನೂ ಯಂತ್ರದ ಲೆಕ್ಕದಲ್ಲಿ ಹಿಟ್ಲರನ ಕಡೆಯವನೇ. ಖಾತೆ ತೆರೆದರು, ಆಮೇಲೆ ಗೋರಖ್ ಪಾಂಡೆಯ ಒಂದು ಹಿಂದಿ ಕವಿತೆಯ ನೆಪದಲ್ಲಿ ಮತ್ತೆ ಮುಚ್ಚಿದರು. ಆ ಕವಿತೆ ನೇಣಿನ ವಿರುದ್ಧದ ಕವಿತೆ. ವಕೀಲರಾದ್ದರಿಂದ ಅವರು ದೆಹಲಿ ಹೈಕೋರ್ಟಿಗೆ ಹೋದರು. ನಮ್ಮ ಹುಡುಗ ಎಲ್ಲಿಗೆ ಹೋಗಬೇಕು? ಅದೇ ನವೆಂಬರಿನಲ್ಲಿ ದಿಲೀಪ್ ಮಂಡಲ್ ಅವರ ಖಾತೆಗೆ ಬೀಗ ಬಿತ್ತು. ಬಹುಜನ ತರುಣರು ಮುಂಬಯಿಯ ಟ್ವಿಟರ್ ಕಚೇರಿಯ ಮುಂದೆ ಧರಣಿ ಕುಂತು, ನೀಲಿ ಗುರುತು ಜನಿವಾರವಾಗಿದೆ ಎಂದು ಕೂಗಿದರು. ಆ ಮನುಷ್ಯ 2024ರಲ್ಲಿ ಸರ್ಕಾರದ ಮಾಧ್ಯಮ ಸಲಹೆಗಾರನಾಗಿ ಹೋದ, ಅದು ಬೇರೆ ಮಾತು. ಅಂದು ಬೀದಿಗೆ ಬಂದವರು ಒಬ್ಬನಿಗಾಗಿ ಬಂದವರಲ್ಲ. ಕೆಲವು ದೊಡ್ಡ ಕಂಪನಿಗಳ ನಿಯಮದ ಪುಸ್ತಕದಲ್ಲಿ ಇವತ್ತು ಜಾತಿ ಎಂಬ ಶಬ್ದ ಇದ್ದರೆ ಅದು ಇಂಥ ಕೂಗಿನಿಂದ ಬಂದದ್ದು, ಯಜಮಾನರ ಕರುಣೆಯಿಂದಲ್ಲ.

ಈಗ ಇನ್ನೊಂದು ಬದಿ ನೋಡಿ. 2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ ಎಂಬ ಕುಬೇರ ಆ ಕಂಪನಿಯನ್ನೇ ಕೊಂಡುಕೊಂಡ, 4,400 ಕೋಟಿ ಡಾಲರಿಗೆ. ಅವನ ಖಾಸಗಿ ವಿಮಾನ ಎಲ್ಲಿ ಹಾರುತ್ತದೆ ಎಂದು ಒಬ್ಬ ಕಾಲೇಜು ಹುಡುಗ ಸಾರ್ವಜನಿಕ ಮಾಹಿತಿಯಿಂದಲೇ ತೆಗೆದು ಬರೆಯುತ್ತಿದ್ದ. ಮಾತಿನ ಸ್ವಾತಂತ್ರ್ಯದ ಮೇಲಿನ ನಂಬಿಕೆಯಿಂದ ಆ ಖಾತೆಯನ್ನೂ ಮುಚ್ಚುವುದಿಲ್ಲ ಎಂದು ಮಸ್ಕ್ ನವೆಂಬರಿನಲ್ಲಿ ಸಾರಿದ. ಡಿಸೆಂಬರ್ 14ಕ್ಕೆ ಆ ಖಾತೆ ಬಂದ್. ಅದೇ ದಿನ ಹೊಸ ನಿಯಮ: ಒಬ್ಬರು ಈಗ ಎಲ್ಲಿದ್ದಾರೆ ಎಂದು ಬರೆಯಕೂಡದು. ಮರುದಿನ ಇದನ್ನು ವರದಿ ಮಾಡಿದ ಹಲವು ಪತ್ರಕರ್ತರ ಖಾತೆಗಳು ಬಂದ್. ಗದ್ದಲವಾಗಿ, ಒಂದೆರಡು ದಿನಕ್ಕೆ ಅನೇಕ ಖಾತೆ ತೆರೆದರು.

ಒಬ್ಬ ಸಾಹುಕಾರನ ವಿಮಾನಕ್ಕಾಗಿ ಒಂದೇ ದಿನದಲ್ಲಿ ನಿಯಮ ಹುಟ್ಟುತ್ತದೆ. ಬೀದರ ಜಿಲ್ಲೆಯ ಕೂಲಿಯವಳ ಮಗಳ ಬಸ್ಸಿಗಾಗಿ, ಇದ್ದ ನಿಯಮವೂ ಕಣ್ಣು ತೆರೆಯುವುದಿಲ್ಲ. ವಿಮಾನ ಎಲ್ಲಿದೆ ಎಂದರೆ ಪ್ರಾಣಾಪಾಯ. ಹುಡುಗಿ ಎಷ್ಟು ಗಂಟೆಗೆ ನಿಲ್ದಾಣದಲ್ಲಿ ಒಬ್ಬಳೇ ನಿಲ್ಲುತ್ತಾಳೆ ಎಂದರೆ 'ಉಲ್ಲಂಘನೆ ಅಲ್ಲ'. ಇದನ್ನು ನಾವು ಮನುಧರ್ಮ ಎನ್ನದೆ ಇನ್ನೇನೆನ್ನಬೇಕು? ಮನುವಿನ ಶಾಸ್ತ್ರದಲ್ಲೂ ಅಪರಾಧ ಒಂದೇ ಇರುತ್ತದೆ, ಶಿಕ್ಷೆ ಮಾತ್ರ ಹುಟ್ಟಿನ ಮೇಲೆ.

ಬಂಡವಾಳಶಾಹಿಯದು ಇಷ್ಟಾದರೆ ಸರ್ಕಾರದ್ದು ಇನ್ನೊಂದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮು ಇದೆ. ಅದರ ಕೆಳಗೆ 2009ರ ನಿಯಮಗಳಿವೆ. ಅದರ 16ನೆಯ ನಿಯಮದ ಪ್ರಕಾರ ದೂರು, ಆದೇಶ ಎಲ್ಲ ಗುಟ್ಟು. ಯಾರ ಬಾಯಿಗೆ ಬೀಗ ಹಾಕಿದರೋ ಅವರಿಗೂ ಯಾಕೆ ಹಾಕಿದರೆಂದು ತೋರಿಸುವುದಿಲ್ಲ. 2021ರ ಫೆಬ್ರವರಿ 1ರಂದು ರೈತರ ಚಳವಳಿಯ ಕಾಲಕ್ಕೆ ಕಿಸಾನ್ ಏಕತಾ ಮೋರ್ಚಾದ್ದೂ ಸೇರಿ ಸುಮಾರು 250 ಖಾತೆ ಮತ್ತು ಟ್ವೀಟುಗಳನ್ನು ಹೀಗೇ ಮರೆಮಾಡಿದರು. ಕಂಪನಿ 2022ರಲ್ಲಿ ಇಂಥ ಆದೇಶಗಳ ವಿರುದ್ಧ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. 2025ರಲ್ಲಿ ಅದೇ ಕಂಪನಿ, ಎಕ್ಸ್ ಎಂಬ ಹೊಸ ಹೆಸರಿನಲ್ಲಿ, 'ಸಹಯೋಗ' ಎಂಬ ಸರ್ಕಾರಿ ಪೋರ್ಟಲ್ಲಿನ ವಿರುದ್ಧ ಮತ್ತೆ ಬಂತು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನೂ ವಜಾ ಮಾಡಿದರು. ಸಂವಿಧಾನದ 19ನೆಯ ವಿಧಿಯ ಮಾತಿನ ಹಕ್ಕು ನಾಗರಿಕರದು, ಪರದೇಶದ ಕಂಪನಿಯದಲ್ಲ ಅಂದರು.

ಸರಿ. ಕಂಪನಿ ನಾಗರಿಕ ಅಲ್ಲ. ನಾವು? ನಾವು ನಾಗರಿಕರೇ ಅಲ್ಲವೆ? ಆ ಕೋರ್ಟಿನಲ್ಲಿ ಸರ್ಕಾರ ಒಂದು ಕಡೆ, ಕುಬೇರ ಇನ್ನೊಂದು ಕಡೆ. ಮಾತು ಕಳಕೊಂಡವರು ಎಲ್ಲಿ ನಿಂತಿದ್ದರು? ನಮ್ಮ ಕಡೆ ಪಾಟೀಲನಿಗೂ ಕುಲಕರ್ಣಿಗೂ ಬಾಂದಿನ ಜಗಳವಾದರೆ ತುಳಿತಕ್ಕೆ ಸಿಗುವುದು ನಡುವಿನ ಬೆಳೆ. ಕಂಪನಿ ನಮ್ಮ ಪರವಾಗಿ ಕೋರ್ಟು ಹತ್ತಿತು ಅಂತ ಕುಣಿಯುವ ಗೆಳೆಯರೂ, ಸರ್ಕಾರ ಪರದೇಶಿ ಕಂಪನಿಯ ಸೊಕ್ಕು ಮುರಿಯಿತು ಅಂತ ಕುಣಿಯುವ ಗೆಳೆಯರೂ ಇದನ್ನು ನೆನಪಿಡಲಿ.

ಬೀದರಿನ ಶಾಹೀನ್ ಶಾಲೆಯ ಪ್ರಕರಣ ಮರೆಯುವಂಥದಲ್ಲ. 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ಕಾನೂನಿನ ಮೇಲೆ ಒಂದು ನಾಟಕ ಆಡಿದರು. ಅದರ ವಿಡಿಯೋ ಫೇಸ್‌ಬುಕ್ಕಿಗೆ ಹೋಯಿತು. ರಾಜದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿಯೂ ಒಬ್ಬ ಮಗುವಿನ ತಾಯಿಯೂ ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಹೈಕೋರ್ಟು ಆ ಕೇಸನ್ನು ರದ್ದು ಮಾಡಿದ್ದು 2023ರ ಜೂನಿನಲ್ಲಿ. ಮಕ್ಕಳ ಮುಖ, ಶಾಲೆ, ತಾಯಂದಿರ ಗುರುತು ದೇಶಕ್ಕೆಲ್ಲ ಬಯಲಾಯಿತಲ್ಲ, ಅದನ್ನು ಯಾವ ಕೋರ್ಟು ರದ್ದು ಮಾಡುತ್ತದೆ?

ಕೆಲವರು ನಮಗೆ ಬುದ್ಧಿ ಹೇಳುತ್ತಾರೆ. ಅವರ ಮೊದಲನೆಯ ಮಾತು: 'ಕಂಪನಿ ಅವರದು, ಅಂಗಳ ಅವರದು. ಬೇಡವಾದರೆ ಬಿಟ್ಟು ಬನ್ನಿ.' ಈ ಮಾತು ಹೊಸದೆ? ಕೆರೆ ಅವರದು, ಬಾವಿ ಅವರದು, ನೀವು ಬೇರೆ ತೋಡಿಕೊಳ್ಳಿ ಅಂದದ್ದು ಇದೇ ಬಾಯಿ. 1924ರಲ್ಲಿ ಮಹಾಡದ ಪುರಸಭೆ ಚವದಾರ ಕೆರೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿತ್ತು. ನಿಯಮದ ಪುಸ್ತಕದಲ್ಲಿ ಕೆರೆ ತೆರೆದೇ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ನೀರು ಎತ್ತಬೇಕಾಯಿತು. ಎತ್ತಿದ್ದಕ್ಕೆ ಹೊಡೆತವನ್ನೂ ತಿನ್ನಬೇಕಾಯಿತು. ಬೇರೆ ಕೆರೆ ತೋಡುತ್ತೇವೆ ಅಂತ ಅವರು ಹೇಳಲಿಲ್ಲ. ಜಾಲತಾಣದ ನಿಯಮದಲ್ಲಿ ಜಾತಿ ಎಂಬ ಶಬ್ದ ಬಂದಿದೆಯಲ್ಲ, ಇನ್ನೇನು ಬೇಕು ಎನ್ನುವವರಿಗೂ ಇದೇ ಉತ್ತರ. ಠರಾವು ನೀರಲ್ಲ.

ಅವರ ಎರಡನೆಯ ಮಾತು: 'ನಿಜ ಹೆಸರಿನಲ್ಲಿ ಬರೆಯಿರಿ. ಅಡಗುವುದು ಯಾಕೆ?' 2017ರ ಕೊನೆಗೆ ಫೇಸ್‌ಬುಕ್ ಹೊಸಬರಿಗೆ ಆಧಾರ್ ಕಾರ್ಡಿನಲ್ಲಿದ್ದ ಹೆಸರು ಬರೆಯಿರಿ ಎಂದು ಸೂಚಿಸುವ ಪ್ರಯೋಗವನ್ನೇ ಮಾಡಿತ್ತು. ಹೆಸರು ಅಂದರೆ ಕೆಲವರಿಗೆ ಹೂವಿನ ಹಾರ. ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಬೆನ್ನಿಗೆ ಕಟ್ಟಿದ ಪೊರಕೆ. 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದ ಅಂಬೇಡ್ಕರರಿಗೆ ಊರಿನಲ್ಲಿ ಇರಲು ಜಾಗ ಸಿಗಲಿಲ್ಲ. ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದ ಮನುಷ್ಯ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯಬೇಕಾಯಿತು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಪಾರ್ಸಿಗಳ ಗುಂಪು ಮೆಟ್ಟಿಲು ಹತ್ತಿ ಬಂತು. ಯಾರೋ ಪತ್ತೆ ಮಾಡಿದ್ದರು. ಸಂಜೆಯೊಳಗೆ ಖಾಲಿ ಮಾಡು ಅಂದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಇದನ್ನು ಬರೆದಿದ್ದಾರೆ. ಕಣ್ಣೀರು ತಡೆಯದೆ ನೆನೆದಿದ್ದಾರೆ. ಸುಳ್ಳು ಹೆಸರು ಯಾಕೆ ಬರೆಸಿದಿರಿ ಅಂತ ಬಾಬಾಸಾಹೇಬರನ್ನು ಕೇಳುವ ಧೈರ್ಯ ಇದ್ದವರು ನಮ್ಮ ಹುಡುಗಿಯರನ್ನು ಕೇಳಲಿ. ಡಾಕ್ಸಿಂಗ್ ಎಂಬ ಶಬ್ದ ಹುಟ್ಟುವ ಎಷ್ಟೋ ದಶಕದ ಮೊದಲೇ ಅದು ಈ ದೇಶದಲ್ಲಿ ಬಡಿಗೆ ಹಿಡಿದು ಮೆಟ್ಟಿಲು ಹತ್ತಿತ್ತು.

ಹಾಗಂತ ನಾವು ಸದಾ ಅಡಗುವವರೂ ಅಲ್ಲ. ನಮ್ಮ ರಾಜೇಶ್ವರದಿಂದ ಕಲ್ಯಾಣ ಎಷ್ಟು ದೂರ? ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದು ಕರೆಸಿಕೊಂಡವರು ಹೆಸರಿನ ಮುಂದೆ ಕಾಯಕವನ್ನು ಇಟ್ಟುಕೊಂಡೇ ತಲೆ ಎತ್ತಿ ಕುಂತರು. ಅವರು ತಾವಾಗಿ ಹೇಳಿಕೊಂಡದ್ದು ಆತ್ಮಗೌರವ. ಅದೇ ಗುರುತನ್ನು ಬಿಜ್ಜಳನ ಬಳಿಗೆ ಒಯ್ದು ಚಾಡಿ ಹೇಳಿದ್ದು ಕೊಲೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟರು ಎಂಬ ಸುದ್ದಿ ಅರಮನೆಗೆ ಮುಟ್ಟಿತು. ಎಳೆಹೂಟೆಯಲ್ಲಿ ಅವರನ್ನು ಎಳೆದು ಕೊಂದರು ಎಂದು ಕಲ್ಯಾಣದ ಕಥೆ ಹೇಳುತ್ತದೆ. ಒಂದೇ ಶಬ್ದ ನಮ್ಮ ಬಾಯಲ್ಲಿ ಬಾವುಟ, ಅವರ ಬಾಯಲ್ಲಿ ಕಲ್ಲು. ಕಂಪನಿಯ ಯಂತ್ರಕ್ಕೆ ಈ ಭೇದ ಗೊತ್ತಿಲ್ಲ. ನಮ್ಮ ಕವಿ ತನ್ನ ಜಾತಿಯ ಹೆಸರನ್ನು ಬರೆದರೆ ಅದು ಬೈಗುಳವೆಂದು ಅಳಿಸುತ್ತದೆ. ಅವರು ಜಾತಿ ಹೆಸರು ಎತ್ತದೆ 'ಕೋಟಾದವ', 'ಸರ್ಕಾರಿ ಅಳಿಯ' ಎಂದರೆ ಅದಕ್ಕೆ ವಾಸನೆಯೇ ಹತ್ತುವುದಿಲ್ಲ. ಬೀದರದ ಕನ್ನಡದಲ್ಲಿ ಉರ್ದು ಇದೆ, ಮರಾಠಿ ಇದೆ, ತೆಲುಗಿದೆ. 2011ರ ಜನಗಣತಿಯಲ್ಲಿ 4.37 ಕೋಟಿ ಜನ ಕನ್ನಡ ನಮ್ಮ ಮಾತೃಭಾಷೆ ಎಂದು ಬರೆಸಿದ್ದಾರೆ. ಇಷ್ಟು ಜನರ ಮಾತನ್ನು ಅಳೆಯುವ ತಕ್ಕಡಿಯಲ್ಲಿ ಕನ್ನಡ ಬಲ್ಲ ಒಬ್ಬ ಮನುಷ್ಯ ಕುಂತಿದ್ದಾನೋ ಇಲ್ಲವೋ ಅಂತ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಒಂದು ಶಬ್ದಕ್ಕೆ ಬಾಯಿ ಮುಚ್ಚಿಸುವುದು ಕಂಪನಿಗಳು ಕಂಡುಹಿಡಿದ ವಿದ್ಯೆಯೂ ಅಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು 'ಬೂಸಾ' ಎಂಬ ಒಂದೇ ಶಬ್ದ ಆಡಿದ್ದಕ್ಕೆ ರಾಜ್ಯ ಹೊತ್ತಿ ಉರಿಯಿತು. ಹಾಸ್ಟೆಲಿನ ನಮ್ಮ ಹುಡುಗರು ಹೊಡೆತ ತಿಂದರು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆದರೆ ಆ ಅಮಾನತಿನಿಂದಲೇ ದಲಿತ ಚಳವಳಿ ಎದ್ದಿತು ಎಂಬುದನ್ನು ಬಾಯಿ ಮುಚ್ಚಿಸುವವರು ಮರೆತಿದ್ದಾರೆ.

ಈಗ ನಮ್ಮವರಿಗೇ ಒಂದು ಮಾತು. ಕಹಿಯಾದರೂ ಹೇಳಬೇಕು. ಈಚೆಗೆ ನಮ್ಮ ಹುಡುಗರೂ ಸಿಟ್ಟಿನಲ್ಲಿ ಎದುರಾಳಿಯ ಫೋನ್ ನಂಬರು ಹಾಕಿ 'ಹಚ್ಚಿ ಮಾತಾಡ್ಸ್ರಿ' ಅಂತ ಬರೆಯಲತ್ತಾರೆ. ಅವನ ಹೆಂಡತಿ ಮಕ್ಕಳ ಫೋಟೋ ತಿರುಗಿಸಲತ್ತಾರೆ. ಇದು ಬೇಡ. ಇದು ಅವರ ಆಯುಧ; ನಮ್ಮ ಕೈಗೆ ಬಂದರೂ ಅದು ಅವರ ಪರವಾಗಿಯೇ ಹೊಡೆಯುತ್ತದೆ. ದೌರ್ಜನ್ಯ ಮಾಡಿದವನ ಕೃತ್ಯ ಬರೆಯಿರಿ, ಅವನ ಹುದ್ದೆ, ಅಂಗಡಿ, ಕಚೇರಿ ಬರೆಯಿರಿ, ಅದು ಸಾರ್ವಜನಿಕ. ಅವನ ಮಗಳ ಶಾಲೆ ಬರೆಯಬೇಡಿ. ಆ ಹುಡುಗಿ ನಮಗೆ ಬೇರೆ ಲೋಟ ಕೊಟ್ಟಿಲ್ಲ. ಈ ಗೆರೆ ನಾವು ದಾಟಿದರೆ ನಮ್ಮ ತಂಗಿಯ ಬಸ್ಸಿನ ಟೈಮು ಗುಟ್ಟು ಅಂತ ಕೇಳುವ ಬಾಯಿ ನಮಗೆ ಇರುವುದಿಲ್ಲ. ಚಹಾದಂಗಡಿಯ ಹೆಸರನ್ನು ನಾವು ಬರೆಯಲಿಲ್ಲ. ಬರೆದರೆ ಹುಡುಗನ ಮನೆ ಯಾವುದೆಂದು ಎರಡು ನಿಮಿಷಕ್ಕೆ ಗೊತ್ತಾಗುತ್ತದೆ. ಅಂಗಡಿಯ ಹೆಸರು ಹೋಗಬೇಕಾದದ್ದು ದೂರಿನ ಅರ್ಜಿಯಲ್ಲಿ. ಅಲ್ಲಿಗೆ ಹೋಗಿದೆ.

ಕಾನೂನು ನಮ್ಮ ಕೈಯಲ್ಲಿ ಪೂರಾ ಖಾಲಿಯೂ ಇಲ್ಲ. ದೌರ್ಜನ್ಯ ತಡೆ ಕಾಯ್ದೆ, 1989ಕ್ಕೆ 2015ರಲ್ಲಿ ತಿದ್ದುಪಡಿಯಾಗಿ 15ಎ ಕಲಮು ಬಂತು. ಸಾಕ್ಷಿಗಳ ಹೆಸರು, ವಿಳಾಸ ಗುಟ್ಟಾಗಿ ಇಡಿಸುವ ಅಧಿಕಾರ ಕೋರ್ಟಿಗೆ ಅದರಲ್ಲಿದೆ. ಯಾಕೆ ಬಂತು ಇದು? 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಯಾಕೆಂದರೆ ಸಾಕ್ಷಿಗಳು ತಿರುಗಿಬಿದ್ದರು. ಅವರ ಮನೆಗಳು ಯಾವುವು ಎಂದು ಊರಿಗೆಲ್ಲ ಗೊತ್ತಿತ್ತಲ್ಲ! ಇಂಥ ಎಷ್ಟೋ ಬೂದಿಯ ಮೇಲೆ ಎದ್ದ ಕಲಮು ಅದು. 2022ರಲ್ಲಿ ಕೇರಳ ಹೈಕೋರ್ಟು ಜಾಲತಾಣದಲ್ಲಿ ಹಾಕಿದ ಜಾತಿನಿಂದನೆಯೂ ಸಾರ್ವಜನಿಕರ ಎದುರಿನ ನಿಂದನೆಯೇ ಎಂದು ಹೇಳಿದೆ. ಠಾಣೆಯಲ್ಲಿ 'ಅದು ಮೊಬೈಲಿನದು, ನಮಗೆ ಬರಲ್ಲ' ಅಂದರೆ ಈ ಮಾತನ್ನು ಅವರ ಮೇಜಿನ ಮೇಲೆ ಇಡಿರಿ.

ಹಾಗಾದರೆ ನಮ್ಮ ಹಕ್ಕೊತ್ತಾಯ ಏನು? ಒಂದು: ಕೇರಿಯ ಹೆಸರು, ಜಾತಿ ಪ್ರಮಾಣಪತ್ರ, ತಂದೆ ತಾಯಿ ದುಡಿಯುವ ಜಾಗ, ಹೆಣ್ಣುಮಕ್ಕಳು ಓಡಾಡುವ ಹೊತ್ತು ಇವೆಲ್ಲ ನಮ್ಮ ದೇಶದಲ್ಲಿ ಖಾಸಗಿ ಮಾಹಿತಿ ಎಂದು ನಿಯಮದಲ್ಲೇ ಬರೆಯಬೇಕು. ಎರಡು: ಬೋರ್ಡಿನ ಮೇಲೆ ಬರೆಸಿದ್ದು ಗುಟ್ಟಲ್ಲ, ಅಸ್ಪೃಶ್ಯತೆಯ ಸಾಕ್ಷ್ಯವನ್ನು ಡಾಕ್ಸಿಂಗ್ ಎಂದು ಅಳಿಸಬಾರದು, ಅಳಿಸಿದರೂ ಕೋರ್ಟಿಗೆ ಬೇಕಾದಾಗ ಸಿಗುವಂತೆ ಕಾದಿಡಬೇಕು. ಮೂರು: ಖಾತೆ ಮುಚ್ಚುವ ಮೊದಲು ಯಾವ ಸಾಲಿಗೆ, ಯಾವ ನಿಯಮಕ್ಕೆ ಎಂದು ಕನ್ನಡದಲ್ಲಿ ಹೇಳಬೇಕು, ಮೇಲ್ಮನವಿಯನ್ನು ಕನ್ನಡ ಬಲ್ಲ, ಜಾತಿ ಬಲ್ಲ ಮನುಷ್ಯ ಓದಬೇಕು. ನಾಲ್ಕು: ಸರ್ಕಾರ ಯಾರ ಬಾಯಿಗೆ ಬೀಗ ಹಾಕುತ್ತದೋ ಅವರಿಗೆ ಆದೇಶದ ಪ್ರತಿ ಕೊಡಬೇಕು. ಗುಟ್ಟಿನ ಆದೇಶ ಪ್ರಜಾಪ್ರಭುತ್ವದ ಲಕ್ಷಣ ಅಲ್ಲ.

ಇವು ನಾಳೆಯೇ ಸಿಗುವುದಿಲ್ಲ, ಬಲ್ಲೆವು. ಅಲ್ಲಿಯವರೆಗೆ ಕುಬೇರನ ಅಂಗಳವನ್ನೇ ನಂಬಿ ಕುಂತರೆ ಕೆಟ್ಟೆವು. ಬರೆದದ್ದರ ಪ್ರತಿ ಇಟ್ಟುಕೊಳ್ಳಿರಿ. ಬೈದದ್ದರ, ಬೆದರಿಸಿದ್ದರ ಪ್ರತಿಯನ್ನು ತಾರೀಕು ಸಮೇತ ಇನ್ನೂ ಜೋಪಾನವಾಗಿ ಇಟ್ಟುಕೊಳ್ಳಿರಿ. ಹಾಸ್ಟೆಲುಗಳಲ್ಲಿ ಗೋಡೆಪತ್ರಿಕೆ ನಿಲ್ಲಬಾರದು. ಕಲ್ಯಾಣ ಹಾಳಾದ ದಿನ ಶರಣರು ವಚನದ ಕಟ್ಟು ಹೊತ್ತು ದಿಕ್ಕು ದಿಕ್ಕಿಗೆ ಹೋದದ್ದರಿಂದ ಆ ಮಾತು ಉಳಿಯಿತು. ಒಂದೇ ಮನೆಯಲ್ಲಿ ಇಟ್ಟಿದ್ದರೆ ಒಂದೇ ಬೆಂಕಿಗೆ ಮುಗಿಯುತ್ತಿತ್ತು.

ಹುಡುಗನ ಖಾತೆ ಇನ್ನೂ ತೆರೆದಿಲ್ಲ. ಅವನ ಫೋಟೋ ನಮ್ಮಲ್ಲಿದೆ: ಒಂದು ಗಾಜಿನ ಗ್ಲಾಸು, ಒಂದು ಪ್ಲಾಸ್ಟಿಕ್ ಕಪ್ಪು. ತಂಗಿಯ ಜೊತೆಗೆ ಈಗ ಅವ್ವ ಒಬ್ಬಳೇ ಹೋಗುವುದಿಲ್ಲ. ಓಣಿಯ ಇನ್ನೂ ನಾಲ್ಕು ಹೆಣ್ಣುಮಕ್ಕಳು ಅದೇ ಬಸ್ಸಿಗೆ ಹೊರಡುತ್ತಾರೆ, ಜೊತೆಗೆ ಸರದಿಯ ಮೇಲೆ ನಮ್ಮಲ್ಲಿ ಒಬ್ಬರು. ಬಸ್ಸಿನ ಟೈಮು ಎಷ್ಟೆಂದು ಮಾತ್ರ ನಾವು ಬರೆಯುವುದಿಲ್ಲ.